ಮೂವತ್ತೆರಡು ಕೂಪನ್ನು, ಒಂದು ಏಕಾದಶಿ

ಅಪ್ಪನ ಡೈರಿ ಈಗಲೂ ನನ್ನ ಹತ್ತಿರವೇ ಇದೆ. ಹಾಸನಕ್ಕೆ ವಾಪಸ್ ಹೋಗುವಾಗ ಮರೆತರೋ, ಬೇಕಂತಲೇ ಬಿಟ್ಟರೋ ಗೊತ್ತಿಲ್ಲ. 2025ರ ಜೂನ್ 3ರಿಂದ 7ರವರೆಗಿನ ಪುಟಗಳಲ್ಲಿ ನಡುವೆ ಗೀಟು ಎಳೆದು ಎರಡು ಕಾಲಂ ಮಾಡಿದ್ದಾರೆ. ಎಡಗಡೆ ‘ಕೂಪನ್’, ಬಲಗಡೆ ‘ನಿಜ ಬೆಲೆ’. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗಿ ಬಂದವರ ಮನೆಯಲ್ಲಿ ಫೋಟೋ ಇದ್ದೇ ಇರುತ್ತವೆ. ಅಲ್ಲಿ ತಿಂದ ಬಾಳೆಹಣ್ಣಿನ ಲೆಕ್ಕ ಇರುವುದು ನಮ್ಮ ಮನೆಯಲ್ಲಿ ಮಾತ್ರ ಇರಬೇಕು.

ಮಂಗಳವಾರ: ಕಡಲೆಕಾಯಿ, ಕಿತ್ತಳೆ ರಸ, ಮಳೆ

ನಮ್ಮವರಿಗೆ ರಜೆ ಸಿಗಲಿಲ್ಲ. ನಾನು, ಎಂಟು ವರ್ಷದ ಪುಟ್ಟಿ, ಊರಿಂದ ಬಂದಿದ್ದ ಅಪ್ಪ-ಅಮ್ಮ, ನಾಲ್ಕೇ ಜನ ಅಟ್ಲಾಂಟಾದಿಂದ ಬೆಳಿಗ್ಗೆ ಆರಕ್ಕೆ ಕಾರಿನಲ್ಲಿ ಹೊರಟೆವು. ಡಿಕ್ಕಿಯಲ್ಲಿ ಅರ್ಧ ಜಾಗ ಅಮ್ಮನ ಸಾಮಾನು. ಕೋಡುಬಳೆ, ಚಟ್ನಿಪುಡಿ, ಅವಲಕ್ಕಿ, ಇಪ್ಪತ್ತು ಚಪಾತಿ, ಐಸ್‌ಬಾಕ್ಸಿನಲ್ಲಿ ಮನೆಯಲ್ಲೇ ಹೆಪ್ಪು ಹಾಕಿದ ಮೊಸರು. “ಅಲ್ಲಿ ಊಟಕ್ಕೆಲ್ಲ ಮೊದಲೇ ದುಡ್ಡು ಕಟ್ಟಿದ್ದೀನಮ್ಮಾ” ಅಂದೆ. “ಕಟ್ಟಿರು. ಅಕಸ್ಮಾತ್ ಬೇಕಾದ್ರೆ ಇರ್ಲಿ” ಅಂದರು.

ಐ-75 ರಸ್ತೆ ಮೇಕನ್ ದಾಟಿದ ಮೇಲೆ ಚಪ್ಪಟೆ. ಎರಡೂ ಕಡೆ ಪೈನ್ ಮರ, ನಡುನಡುವೆ ಪೀಕಾನ್ ಕಾಯಿ, ಪೀಚ್ ಹಣ್ಣು ಮಾರುವ ಅಂಗಡಿಗಳ ಬೋರ್ಡು. ಟಿಫ್ಟನ್ ಆಚೆ ಒಂದು ಎಕ್ಸಿಟ್‌ನಲ್ಲಿ ಪೆಟ್ರೋಲ್ ಹಾಕಿಸಲು ಇಳಿದಾಗ ಪಕ್ಕದಲ್ಲೇ ಒಬ್ಬ ಅಜ್ಜ ದೊಡ್ಡ ಹಂಡೆಯಲ್ಲಿ ಕಡಲೆಕಾಯಿ ಬೇಯಿಸುತ್ತಿದ್ದರು. ಆ ಹಬೆಯ ವಾಸನೆಗೆ ಅಮ್ಮ ಕಾರಿನಿಂದ ತಾವಾಗಿಯೇ ಇಳಿದರು. ಇಂಡಿಯಾದಲ್ಲೂ ಇದನ್ನು ತಿನ್ನುತ್ತಾರಾ ಅಂತ ಅಜ್ಜ ಕೇಳಿದರು. ಬಸವನಗುಡಿಯಲ್ಲಿ ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿಗೆಂದೇ ಪರಿಷೆ ನಡೆಯುತ್ತದೆ ಅಂತ ಅಪ್ಪ ಹೇಳಿದ್ದನ್ನು ಪುಟ್ಟಿ ಇಂಗ್ಲಿಷಿಗೆ ತಿರುಗಿಸಿದಳು. ಅಜ್ಜ ನಂಬಿದ ಹಾಗೆ ಕಾಣಲಿಲ್ಲ. ರುಚಿಗೆ ಅಂತ ನಾಲ್ಕು ಕಾಯಿ ಕೊಟ್ಟರು. ಒಂದು ಚೀಲಕ್ಕೆ ಐದು ಡಾಲರ್.

“ನಾನೂರ ಇಪ್ಪತ್ತೆಂಟು ರೂಪಾಯಿ” ಅಂದರು ಅಪ್ಪ. “ಕಡಲೆಕಾಯಿಗೆ!”

ಅಲ್ಲಿಗೆ ವ್ಯಾಪಾರ ಮುಗಿಯಿತು. ನಾನು ಡಿಸ್ನಿಯ ಊಟದ ಪ್ಲಾನ್ ತಗೊಂಡು ಮೊದಲೇ ದುಡ್ಡು ಕಟ್ಟಿದ್ದೇ ಇದಕ್ಕೆ. ಅಪ್ಪ ಕೆಎಸ್‌ಆರ್‌ಟಿಸಿಯ ಲೆಕ್ಕಪತ್ರ ವಿಭಾಗದಲ್ಲಿದ್ದು ರಿಟೈರ್ ಆದವರು. ಅಮೆರಿಕಕ್ಕೆ ಬಂದ ದಿನದಿಂದ ಕಣ್ಣಿಗೆ ಬಿದ್ದ ಬೆಲೆಯನ್ನೆಲ್ಲ ಎಂಬತ್ತೈದೂವರೆಯಿಂದ ಗುಣಿಸಿ, ಆಮೇಲೆ ಹಸಿವಿಲ್ಲ ಅನ್ನುತ್ತಿದ್ದರು. ದುಡ್ಡು ಮೊದಲೇ ಹೋಗಿಬಿಟ್ಟರೆ ಗುಣಿಸುವ ಪ್ರಶ್ನೆಯೇ ಇಲ್ಲವಲ್ಲ ಅನ್ನುವುದು ನನ್ನ ಲೆಕ್ಕ.

ಫ್ಲೋರಿಡಾ ಗಡಿ ದಾಟಿದ ಕೂಡಲೇ ರಾಜ್ಯದ ಸ್ವಾಗತ ಕೇಂದ್ರದಲ್ಲಿ ಪುಟ್ಟ ಪೇಪರ್ ಲೋಟದಲ್ಲಿ ಕಿತ್ತಳೆ ರಸ ಪುಕ್ಕಟೆ ಕೊಡುತ್ತಾರೆ. ಈ ದಾರಿಯಲ್ಲಿ ಹೋಗುವವರು ತಪ್ಪಿಸಬೇಡಿ. ಅಪ್ಪ ಎರಡು ಲೋಟ ಕುಡಿದರು. ವೈಲ್ಡ್‌ವುಡ್ ಹತ್ತಿರ ಟರ್ನ್‌ಪೈಕ್‌ಗೆ ತಿರುಗಿದ್ದೇ ತಡ, ವೈಪರ್ ಸೋಲುವಂಥ ಮಳೆ. ಹತ್ತು ನಿಮಿಷ ಸುರಿದು ನಿಂತುಹೋಯಿತು. ಜೂನ್‌ನಲ್ಲಿ ಅಲ್ಲಿ ಮಧ್ಯಾಹ್ನದ ಮಳೆ ನಮ್ಮ ಕಡೆ ಸಂಜೆ ಹೊತ್ತಿನ ಹಾಲಿನವನ ಥರ, ಬಂದೇ ಬರುತ್ತದೆ.

ಉಳಿದುಕೊಂಡಿದ್ದು ಪಾಪ್ ಸೆಂಚುರಿ ರೆಸಾರ್ಟ್‌ನಲ್ಲಿ. ಡಿಸ್ನಿಯ ಅಗ್ಗದ ಹೋಟೆಲುಗಳಲ್ಲಿ ಅದೊಂದು. ರೂಮಿಗೆ ನಾಲ್ಕು ಜನ. ಒಂದು ಪುಟ್ಟ ಫ್ರಿಜ್ಜು, ಕಾಫಿ ಮೇಕರ್. ಅಮ್ಮ ಫ್ರಿಜ್ಜಿನಲ್ಲಿ ಮೊಸರಿಟ್ಟು ನೆಮ್ಮದಿಯಾದರು.

ಪ್ಲಾನ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಇದು 2005ರಲ್ಲಿ ಶುರುವಾಗಿ, ಕೋವಿಡ್ ಬಂದಾಗ 2020ರಲ್ಲಿ ನಿಂತು, 2024ರ ಜನವರಿ 9ರಿಂದ ಮತ್ತೆ ಬಂದದ್ದು. ಈಗ ಎರಡು ಥರ. ನಾವು ತಗೊಂಡಿದ್ದು ಕೌಂಟರ್ ಊಟದ್ದು. ನಾವು ಹೋದಾಗ ದೊಡ್ಡವರಿಗೆ ರಾತ್ರಿಯೊಂದಕ್ಕೆ 60.47 ಡಾಲರ್. ಅದಕ್ಕೆ ಎರಡು ಊಟ, ಒಂದು ತಿಂಡಿ, ಜೊತೆಗೆ ಹೋಟೆಲಿನಲ್ಲಿ ಎಷ್ಟು ಸಲ ಬೇಕಾದರೂ ಕಾಫಿ, ಸೋಡಾ ತುಂಬಿಸಿಕೊಳ್ಳುವ ಒಂದು ಲೋಟ. ಇನ್ನೊಂದು 98.59 ಡಾಲರಿನದು. ಅದರಲ್ಲಿ ದಿನಕ್ಕೊಂದು ಊಟ ಕೂತು ಬಡಿಸಿಕೊಳ್ಳುವ ರೆಸ್ಟೋರೆಂಟಿನಲ್ಲಿ. ಟಿಪ್ಸ್ ಮಾತ್ರ ಬೇರೆ. ಆ ವರ್ಷ ದೊಡ್ಡವರು ಪ್ಲಾನ್ ತಗೊಂಡರೆ ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಉಚಿತ. ಪುಟ್ಟಿಗೆ ಎಂಟು. ನಾನು ಬಲೆಗೆ ಬಿದ್ದಿದ್ದು ಅಲ್ಲೇ.

ಇನ್ನೊಂದು ನಿಯಮ ಇದೆ. ಒಂದು ರೂಮಿನಲ್ಲಿ ಮೂರು ವರ್ಷ ತುಂಬಿದ ಎಲ್ಲರೂ ಒಂದೇ ಪ್ಲಾನ್ ತಗೋಬೇಕು. ಚಪಾತಿ ತಂದಿರುವ ಅಮ್ಮನಿಗೆ ಬೇಡ, ಉಳಿದವರಿಗೆ ಕೊಡಿ ಅನ್ನುವ ಹಾಗಿಲ್ಲ. ಹಾಗಾಗಿ ಮೂರು ಜನಕ್ಕೆ ನಾಲ್ಕು ರಾತ್ರಿಗೆ 725 ಡಾಲರ್ 64 ಸೆಂಟ್. ಅಷ್ಟೂ ಕ್ರೆಡಿಟ್ ಚೆಕ್-ಇನ್ ದಿನವೇ ಒಟ್ಟಿಗೆ ಬರುತ್ತವೆ. ನಮ್ಮ ಖಾತೆಗೆ ಮೂವತ್ತೆರಡು ಊಟ, ಹದಿನಾರು ತಿಂಡಿ.

“ಅಂದ್ರೆ ಮೀಲ್ಸ್ ಕೂಪನ್ನು” ಅಂದರು ಅಪ್ಪ. ಡೈರಿ ಆಚೆ ಬಂತು.

ರಾತ್ರಿ ಹೋಟೆಲಿನ ಫುಡ್ ಕೋರ್ಟಿನಲ್ಲಿ ಚೀಸ್ ಪಿಜ್ಜಾ, ಪಾಸ್ತಾ. ಅಮ್ಮ ರೂಮಿನಲ್ಲೇ ಚಪಾತಿ ತಿಂದರು. ಮೂರು ಕೂಪನ್ ಖರ್ಚು, ಇಪ್ಪತ್ತೊಂಬತ್ತು ಬಾಕಿ.

ಬುಧವಾರ: ಮ್ಯಾಜಿಕ್ ಕಿಂಗ್‌ಡಮ್ಮಿನಲ್ಲಿ ತಪ್ಪು ಗುಂಡಿ

ಬೆಳಿಗ್ಗೆ ಎರಡು ಕೂಪನ್ನಿಗೆ ಬಂದ ತಿಂಡಿಯನ್ನು ಮೂವರು ತಿಂದು ಮುಗಿಸಲಾಗಲಿಲ್ಲ. ಅಲ್ಲಿನ ಒಂದು ತಟ್ಟೆ ನಮ್ಮ ಒಂದೂವರೆ ತಟ್ಟೆ. ಹಂಚಿಕೊಂಡು ತಿನ್ನುವವರು ಪ್ಲಾನ್ ತಗೊಂಡರೆ ತಮ್ಮ ಉಳಿತಾಯವನ್ನೇ ಕಳಕೊಂಡ ಹಾಗೆ ಅನ್ನುವುದು ಮೊದಲ ದಿನವೇ ಹೊಳೆಯಿತು. ಆದರೆ ಹೊಳೆದು ಏನು ಮಾಡೋದು, ಕಟ್ಟಿ ಆಗಿತ್ತಲ್ಲ.

ಡಿಸ್ನಿಯ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್ಮಿನಲ್ಲಿ ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಬರೀ ಬಿಸಿಲಲ್ಲ, ಮಂಗಳೂರಿನ ಮೇ ತಿಂಗಳ ಸೆಕೆ. ಸೋಡಾ ಸಿಗುವ ಯಾವ ಕೌಂಟರಿನಲ್ಲಿ ಕೇಳಿದರೂ ಐಸ್ ನೀರು ಪುಕ್ಕಟೆ ಕೊಡುತ್ತಾರೆ. ಅದಕ್ಕೆ ಕೂಪನ್ ಸುಡಬೇಡಿ. ಮನೆ ತಿಂಡಿಯನ್ನೂ ಒಳಗೆ ಬಿಡುತ್ತಾರೆ. ಗಾಜಿನ ಬಾಟಲಿ, ಮದ್ಯ ಇರಬಾರದು. ನಮ್ಮ ಕಷ್ಟ ಶುರುವಾಗಿದ್ದೂ ಇಲ್ಲೇ. ಒಂದೊಂದು ಕ್ಯೂನಲ್ಲೂ ನಲವತ್ತು-ಐವತ್ತು ನಿಮಿಷ. ಅಮ್ಮನ ಬ್ಯಾಗಿನಿಂದ ಕೋಡುಬಳೆ ಒಂದೊಂದೇ ಆಚೆ ಬರುತ್ತಿತ್ತು. ಊಟದ ಹೊತ್ತಿಗೆ ಹಸಿವೇ ಇಲ್ಲ.

“ಕೋಡುಬಳೆ ನಿಲ್ಸು. ಕೂಪನ್ ಹಾಳಾಗುತ್ತೆ” ಅಂತ ಅಪ್ಪ ಗದರಿದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅಮ್ಮನ ಕೋಡುಬಳೆಗೆ ಅವರು ಬೇಡ ಅಂದಿದ್ದು ನಾನು ಕೇಳಿದ್ದು ಅದೇ ಮೊದಲು.

ಮೊಬೈಲಿನಲ್ಲೇ ಊಟ ಆರ್ಡರ್ ಮಾಡಬಹುದು. ಹನ್ನೊಂದಕ್ಕೆ ಮೊದಲೇ ಸಮಯ ಹಿಡಿದಿಟ್ಟುಕೊಂಡರೆ ಒಳ್ಳೆಯದು, ಹನ್ನೆರಡರ ಮೇಲೆ ಹೊತ್ತು ಸಿಗುವುದು ಕಷ್ಟ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಐಟಂಗಳ ಪಕ್ಕ ಒಂದು ಎಲೆಯ ಚಿಹ್ನೆ ಇರುತ್ತದೆ. ನಾನು ಎಲೆ ಹುಡುಕಿ ನಾಲ್ಕು ಊಟ ಆರಿಸುವ ಹೊತ್ತಿಗೆ ಗುಡುಗು. ಮೂರು ಗಂಟೆಯ ಮಳೆ ಅವತ್ತು ಒಂದೂವರೆಗೇ ಬಂತು. ಅಮ್ಮನ ಸೀರೆ ನೆರಿಗೆ ಎತ್ತಿ ಹಿಡಿದುಕೊಂಡು, ಪುಟ್ಟಿಯನ್ನು ಎಳೆದುಕೊಂಡು, ಒದ್ದೆ ಬೆರಳಲ್ಲಿ ಗುಂಡಿ ಒತ್ತಿಬಿಟ್ಟೆ. ದುಡ್ಡು ಹೇಗೆ ಕೊಡುತ್ತೀರಿ ಅನ್ನುವ ಕಡೆ ಪ್ಲಾನ್ ಅಂತ ಆರಿಸಬೇಕಿತ್ತು. ಆರಿಸಲಿಲ್ಲ. 62 ಡಾಲರ್ ಕ್ರೆಡಿಟ್ ಕಾರ್ಡಿನಿಂದ ಹೋಯಿತು.

ಅಪ್ಪ ಏನೂ ಮಾತಾಡಲಿಲ್ಲ. ಎಡ ಕಾಲಂನಲ್ಲಿ ಸೊನ್ನೆ ಬರೆದು ಅದಕ್ಕೊಂದು ಸುತ್ತು ಹಾಕಿದರು. ಆ ಸುತ್ತು ಪೆನ್ನು ಒತ್ತಿ ಒತ್ತಿ ಹಿಂದಿನ ಪುಟಕ್ಕೂ ಮೂಡಿದೆ.

ಮಳೆ ನಿಂತ ಮೇಲೆ ಅನಾನಸ್‌ನ ಡೋಲ್ ವಿಪ್ ತಿಂದೆವು. ಹಾಲಿಲ್ಲದ ಐಸ್‌ಕ್ರೀಮಿನಂಥದ್ದು, ಹುಳಿ-ಸಿಹಿ. ತಿಂಡಿ ಕೂಪನ್ನಿಗೆ ಇದಕ್ಕಿಂತ ಒಳ್ಳೆ ಉಪಯೋಗ ನನಗಂತೂ ಕಾಣಲಿಲ್ಲ. ಪಕ್ಕದ ಟೇಬಲ್ಲಿನಲ್ಲಿ ರಂಗನತಿಟ್ಟಿನ ಕೆಂಬರಲಿನ ಜಾತಿಯ ಬಿಳಿ ಹಕ್ಕಿಯೊಂದು ಯಾರದೋ ತಟ್ಟೆಯಿಂದ ಆಲೂಗಡ್ಡೆ ಫ್ರೈ ಎತ್ತಿಕೊಂಡು ನಿಧಾನಕ್ಕೆ ನಡೆದುಹೋಯಿತು. ಹಾರಲೂ ಇಲ್ಲ. “ಅದಕ್ಕೆ ಪ್ಲಾನ್ ಇಲ್ಲ ನೋಡು” ಅಂದರು ಅಪ್ಪ. ಸಿಟ್ಟು ಇಳಿದಿತ್ತು.

ರಾತ್ರಿ ಲೋಟಕ್ಕೆ ಕಾಫಿ ತುಂಬಿಸುವಾಗ ಒಹಾಯೊದವರೊಬ್ಬರು ಮಾತಿಗೆ ಸಿಕ್ಕರು. ಗಂಡ-ಹೆಂಡತಿ, ಹತ್ತು ತುಂಬದ ಎರಡು ಮಕ್ಕಳು. ಅವರಿಗೆ ಪ್ಲಾನ್ ಪಕ್ಕಾ ಲಾಭವಂತೆ. ಗುಟ್ಟು ಸರಳ. ಮಕ್ಕಳಿಬ್ಬರದ್ದೂ ಪುಕ್ಕಟೆ, ತಾವು ಪ್ರತಿ ಊಟಕ್ಕೂ ಮೆನುವಿನಲ್ಲಿ ಎಲ್ಲಕ್ಕಿಂತ ದುಬಾರಿ ಮಾಂಸದ ಐಟಂ, ಜೊತೆಗೆ ಒಂದು ಬಿಯರ್. ಇಪ್ಪತ್ತೊಂದು ತುಂಬಿದವರಿಗೆ ಊಟದ ಜೊತೆ ಬರುವ ಪಾನೀಯ ಮದ್ಯವೂ ಆಗಬಹುದು. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ತಮ್ಮ ಲೋಟದಲ್ಲಿದ್ದ ಡಿಕಾಫ್, ಅಂದರೆ ಕೆಫೀನ್ ತೆಗೆದ ಕಾಫಿ, ನೋಡಿಕೊಂಡರು. ಅಮ್ಮನ ಲೋಟದಲ್ಲಿ ಬರೀ ಬಿಸಿನೀರು.

“ಅವ್ರ ಬಿಯರಿನ ದುಡ್ಡು ನಾವು ಕಟ್ತಾ ಇದೀವಿ ಅನ್ನು” ಅಂದರು.

ಲೆಕ್ಕ ತಪ್ಪೇನಲ್ಲ. ಪ್ಲಾನಿನ ದರದಲ್ಲಿ ಲೋಟ, ತಿಂಡಿ ಕಳೆದರೆ ಒಂದು ಊಟಕ್ಕೆ ಇಪ್ಪತ್ನಾಲ್ಕು ಡಾಲರಿನ ಹತ್ತಿರ ಬೀಳುತ್ತದೆ. ಸಸ್ಯಾಹಾರಿ ತಟ್ಟೆ, ಒಂದು ನಿಂಬೆ ಶರಬತ್ತು ಎರಡೂ ಸೇರಿ ಹದಿನೆಂಟು ದಾಟುವುದೇ ಅಪರೂಪ.

ಗುರುವಾರ: ದಶಮಿ, ಒಂದೇ ಹೊತ್ತು

ಶುಕ್ರವಾರ ಏಕಾದಶಿ. ನಾನು ಬುಕ್ ಮಾಡುವಾಗ ಪಂಚಾಂಗ ನೋಡಿರಲಿಲ್ಲ. ಅಮ್ಮ ನೋಡಿದ್ದರು, ಹೇಳಿರಲಿಲ್ಲ. ಹಿಂದಿನ ದಿನ ದಶಮಿಗೆ ಒಂದೇ ಹೊತ್ತು ಊಟ. ಹಾಗಾದರೆ ಆ ಒಂದು ಹೊತ್ತಾದರೂ ಚೆನ್ನಾಗಿರಲಿ ಅಂತ ಅನ್ನಿಸಿತು.

ಬೆಳಿಗ್ಗೆ ಇನ್ನೊಂದು ಪಾರ್ಕಾದ ಅನಿಮಲ್ ಕಿಂಗ್‌ಡಮ್ಮಿನ ಸಫಾರಿ ಮುಗಿಸಿ, ಕಾರಿನಲ್ಲಿ ಡಿಸ್ನಿಯದೇ ಹೋಟೆಲಾದ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ಗೆ ಹೋದೆವು. ಅಲ್ಲಿ ಕಿಡಾನಿ ವಿಲೇಜ್ ಅನ್ನುವ ಭಾಗದಲ್ಲಿ ಸನಾ ಅಂತ ರೆಸ್ಟೋರೆಂಟ್. ಆಫ್ರಿಕಾ-ಭಾರತ ಎರಡರ ಅಡುಗೆಯೂ ಬೆರೆತದ್ದು. ಕೂತು ಊಟ ಮಾಡುವ ಜಾಗವಾದ್ದರಿಂದ ನಮ್ಮ ಕೂಪನ್ ನಡೆಯುವುದಿಲ್ಲ. ಅರವತ್ತು ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ನಾನು ಹಿಂದಿನ ರಾತ್ರಿ ಫೋನ್ ಕೆರೆಯುತ್ತಾ ಕೂತಾಗ ಯಾರೋ ಬಿಟ್ಟ ಟೇಬಲ್ ಸಿಕ್ಕಿತು.

ಕಿಟಕಿಯ ಆಚೆ ಹುಲ್ಲುಗಾವಲು. ಜಿರಾಫೆ ಒಂದು ಕತ್ತು ನೀಡಿಕೊಂಡು ಸೊಪ್ಪು ಎಳೆಯುತ್ತಿತ್ತು. ಜೀಬ್ರಾಗಳು ನಮ್ಮ ಕಡೆ ಬೆನ್ನು ಹಾಕಿ ನಿಂತಿದ್ದವು. ಬ್ರೆಡ್ ಸರ್ವಿಸ್ ಅಂತ ತರಿಸಿದರೆ ಉದ್ದನೆಯ ತಟ್ಟೆಯಲ್ಲಿ ಬಿಸಿ ಬಿಸಿ ನಾನ್, ಕುಲ್ಚಾ, ಪನೀರ್ ಪರಾಠಾ. ಜೊತೆಗೆ ಒಂಬತ್ತು ಪುಟ್ಟ ಬಟ್ಟಲು. ಅಮ್ಮ ಬಟ್ಟಲುಗಳನ್ನು ಒಂದೊಂದೇ ಮೂಸಿ ನೋಡಿದರು. ಹುಣಸೆ ಚಟ್ನಿ ಪಾಸು. ಕೊತ್ತಂಬರಿ ಚಟ್ನಿ ಪಾಸು. ಸೌತೆಕಾಯಿ ರಾಯಿತಾಗೆ “ಸಾಸಿವೆ ಹಾಕಿಲ್ಲ, ಪರವಾಗಿಲ್ಲ”. ಬೆಳ್ಳುಳ್ಳಿ ಉಪ್ಪಿನಕಾಯಿಯನ್ನು ಬೆರಳ ತುದಿಯಿಂದ ಅಪ್ಪನ ಕಡೆ ತಳ್ಳಿದರು. ಮೂರು ದಿನದಲ್ಲಿ ಅವರು ತಟ್ಟೆ ಒರೆಸಿ ತಿಂದಿದ್ದು ಅದೊಂದೇ ಊಟ. ಅದೂ ಪ್ಲಾನಿನ ಹೊರಗಡೆ. ಬಿಲ್ಲು, ಟಿಪ್ಸು ನನ್ನ ಕಾರ್ಡಿಗೆ. ಅಪ್ಪ ಡೈರಿ ತೆಗೆಯಲಿಲ್ಲ. ಜಿರಾಫೆಯನ್ನೇ ನೋಡುತ್ತಿದ್ದರು.

ಸಂಜೆ ಮತ್ತೆ ಪಾರ್ಕಿಗೆ ಬಂದು ಸತುಲಿ ಕ್ಯಾಂಟೀನಿನಲ್ಲಿ ಮೂರು ಕೂಪನ್. ಅನ್ನದ ಮೇಲೆ ಕರಿದ ತೋಫು, ತರಕಾರಿ. ಕೌಂಟರ್ ಊಟದಲ್ಲಿ ನಮ್ಮ ನಾಲಿಗೆಗೆ ಒಗ್ಗಿದ್ದು ಇದು. ಮೇಲೆ ಬಣ್ಣದ ಗುಂಡು ಗುಂಡು ಏನೋ ಉದುರಿಸಿದ್ದರು. “ಸಬ್ಬಕ್ಕಿನಾ?” ಅಂತ ಅಪ್ಪ ಒಂದನ್ನು ಕಚ್ಚಿದರು. ಪಟ್ ಅಂತ ಒಡೆದು ರಸ ಬಂತು. ಅವರ ಮುಖ ನೋಡಿ ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಅವತ್ತು ಗಮನಿಸಿದ್ದೆನೋ ಇಲ್ಲವೋ, ಈಗ ಬರೆಯುವಾಗ ಹೊಳೆಯುತ್ತಿದೆ: ಅಷ್ಟು ಹೊತ್ತಿಗೆ ಅಪ್ಪ ರೂಪಾಯಿ ಲೆಕ್ಕ ಬಿಟ್ಟಿದ್ದರು. ಡಾಲರನ್ನು ಡಾಲರಿನಲ್ಲೇ ಬರೆಯುತ್ತಿದ್ದರು. ಏನು ಬೇಕು ಅಂತ ಕೇಳಿದರೆ “ಹಸಿವಿಲ್ಲ” ಅನ್ನುವ ಬದಲು ಮೆನು ಕೊಡು ಅನ್ನುತ್ತಿದ್ದರು.

ಶುಕ್ರವಾರ: ಹನ್ನೊಂದು ದೇಶ, ಒಂದು ಬಾಳೆಹಣ್ಣು

ಎಪ್‌ಕಾಟ್ ಪಾರ್ಕಿಗೆ ಹೋಟೆಲಿನಿಂದಲೇ ಸ್ಕೈಲೈನರ್ ಕೇಬಲ್ ಕಾರು. ಕೆರೆಯ ಮೇಲೆ, ಮರದ ಮೇಲೆ ತೇಲಿಕೊಂಡು ಹೋಗುತ್ತದೆ. ಮಿಂಚು ಬಂದರೆ ನಿಲ್ಲಿಸುತ್ತಾರೆ, ಆಗ ಬಸ್ಸು ನೋಡಿಕೊಳ್ಳಬೇಕು.

ಎಪ್‌ಕಾಟಿನಲ್ಲಿ ಒಂದು ಕೆರೆಯ ಸುತ್ತ ಹನ್ನೊಂದು ದೇಶಗಳ ಅಂಗಳ. ಸುತ್ತುವುದೆಂದರೆ ಹೆಚ್ಚುಕಡಿಮೆ ತಿನ್ನುವುದೇ. ಅಂಥ ಕಡೆ ನಾವು ಏಕಾದಶಿ ದಿನ ಹೋಗಿದ್ದೆವು. ಅಮ್ಮನಿಗೆ ಅದೇನೂ ಅನಿಸಲಿಲ್ಲ, ನನಗೆ ಒಂದೊಂದು ತುತ್ತೂ ಗಂಟಲಲ್ಲಿ ನಿಂತ ಹಾಗೆ. ನಾರ್ವೆಯ ಬೇಕರಿಯಲ್ಲಿ ಪುಟ್ಟಿ ಸ್ಕೂಲ್ ಬ್ರೆಡ್ ತಗೊಂಡಳು. ಕೊಬ್ಬರಿ ಉದುರಿಸಿದ ಬನ್ನು, ನಡುವೆ ಕಸ್ಟರ್ಡ್. ಅವಳು ಮುರಿದ ಕೂಡಲೇ ಅಮ್ಮ ತಿರುಗಿದರು. “ಏಲಕ್ಕಿ ಹಾಕಿದ್ದಾರೆ ಕಣೇ!” ಬನ್ನನ್ನು ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದು, ಮತ್ತೆ ಮೊಮ್ಮಗಳಿಗೇ ಕೊಟ್ಟರು.

ವಯಸ್ಸಾದ ಮೇಲೆ ಅಮ್ಮ ಏಕಾದಶಿ ದಿನ ಹಣ್ಣು, ಹಾಲು ತಗೋತಾರೆ. ತಿಂಡಿ ಕೂಪನ್ನಿಗೆ ಇಡೀ ಹಣ್ಣು ಸಿಗುತ್ತದೆ. ಒಂದು ಬಾಳೆಹಣ್ಣು ತಂದೆ. ಅಪ್ಪನ ಸಂಕಟ ನೋಡಲಾಗಲಿಲ್ಲ. “ಆರು ಡಾಲರ್ ಕೂಪನ್ನಿಗೆ ಎರಡು ಡಾಲರ್ ಬಾಳೆಹಣ್ಣಾ? ದುಡ್ಡು ಕೊಟ್ಟೇ ತಗೋಬಾರದಾ?” ಅವರ ಮಾತು ಸರಿ. ಅಗ್ಗದ್ದಕ್ಕೆ ಕೈಯಿಂದ ಕೊಟ್ಟು, ದುಬಾರಿಯದಕ್ಕೆ ಕೂಪನ್ ಉಳಿಸಬೇಕು. ಆದರೆ ಉಪವಾಸದವರ ಮುಂದೆ ನಿಂತು ಈ ಚರ್ಚೆ ಮಾಡುವ ಧೈರ್ಯ ನನಗಿರಲಿಲ್ಲ.

ಮೊರಾಕ್ಕೊ ಅಂಗಳದ ನೆರಳಿನ ಬೆಂಚಿನಲ್ಲಿ ಅಮ್ಮ ಕೂತರು. ಪಕ್ಕದಲ್ಲಿ ಹೊಸ ಬಟ್ಟೆ ತೊಟ್ಟ ಒಂದು ಕುಟುಂಬ, ಮಿಷಿಗನ್‌ನಿಂದ ಬಂದವರು. ಅಜ್ಜಿ ಒಬ್ಬರು ಅಮ್ಮನಿಗೆ ಏನೋ ತಿನ್ನಲು ನೀಡಿದರು. ಅಮ್ಮ ಕೈಮುಗಿದು ಬೇಡ ಅಂದರು. ಇವತ್ತು ಉಪವಾಸ ಅಂತ ನಾನು ವಿವರಿಸಿದೆ. ಆ ಅಜ್ಜಿಗೆ ಖುಷಿಯಾಯಿತು. ನಿನ್ನೆ ತಾವೂ ಉಪವಾಸ ಇದ್ದರಂತೆ, ಇವತ್ತು ಹಬ್ಬ. ಆಗಲೇ ನನಗೆ ನೆನಪಾಗಿದ್ದು, ಅವತ್ತು ಬಕ್ರೀದ್. “ಇದೇ ಬಿಸಿಲಲ್ಲಾ?” ಅಂತ ಅಮ್ಮ ಕೇಳಿಸಿದರು. ಹೌದು, ಇದೇ ಬಿಸಿಲಲ್ಲಿ, ನೀರೂ ಇಲ್ಲ. ಅಮ್ಮ ಅವರ ಮೊಣಕೈ ಮುಟ್ಟಿ “ಭೇಷ್” ಅಂದರು. ಅದನ್ನು ಅನುವಾದ ಮಾಡಬೇಕಾಗಲಿಲ್ಲ. ಹಣ್ಣಾದರೆ ಆಗುತ್ತಾ ಅಂತ ಕೇಳಿ ಅಜ್ಜಿ ನಾಲ್ಕು ಖರ್ಜೂರ ಕಾಗದದಲ್ಲಿ ಸುತ್ತಿ ಕೊಟ್ಟರು. ಸಂಜೆ ಹಾಲಿನ ಜೊತೆ ಅಮ್ಮ ಎರಡು ತಿಂದರು, ಎರಡು ಪುಟ್ಟಿಗೆ.

ಡೈರಿಯಲ್ಲಿ ಆ ದಿನದ ಕೊನೆಗೆ “ಖರ್ಜೂರ 4” ಅಂತ ಇದೆ. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ಗೀಟಿನ ಮೇಲೆ.

ಮೂರು ಹೊತ್ತು ಮೂರು ಮೂರರಂತೆ ಕಳೆದು ರಾತ್ರಿ ಎಣಿಸಿದರೆ ಎಂಟು ಊಟ, ಆರು ತಿಂಡಿ ಬಾಕಿ. ಚೆಕ್-ಔಟ್ ದಿನದ ಮಧ್ಯರಾತ್ರಿಗೆ ಎಲ್ಲ ರದ್ದು.

ಶನಿವಾರ: ಪಾರಣೆ, ಪಾರ್ಸಲ್

ದ್ವಾದಶಿ. ಅಮ್ಮ ಬೆಳಿಗ್ಗೆ ಸ್ನಾನ ಮಾಡಿ, ನೆನೆಸಿದ ಅವಲಕ್ಕಿಗೆ ಮೊಸರು ಕಲಸಿ ಪಾರಣೆ ಮುಗಿಸಿದರು. ಅಲ್ಲಿಗೆ ಮೊಸರು ಖಾಲಿ, ಚಪಾತಿ ಖಾಲಿ. ಅಕಸ್ಮಾತ್ ಬೇಕಾದ್ರೆ ಅಂತ ತಂದಿದ್ದು ಅಷ್ಟೂ ಬೇಕಾಗಿತ್ತು.

ಅಪ್ಪ ಫುಡ್ ಕೋರ್ಟಿನಲ್ಲಿ ಯುದ್ಧಕ್ಕೆ ನಿಂತವರ ಹಾಗೆ ನಿಂತಿದ್ದರು. ಎಂಟು ಊಟದ ಕೂಪನ್ನಿನಲ್ಲಿ ಮೂರಕ್ಕೆ ಬೆಳಗಿನ ತಿಂಡಿ ತಿಂದೆವು, ಐದಕ್ಕೆ ಊಟ ಕಟ್ಟಿಸಿಕೊಂಡೆವು. ಆರು ತಿಂಡಿ ಕೂಪನ್ನಿಗೆ ಚಿಪ್ಸ್ ಪ್ಯಾಕೆಟ್, ಸೇಬು. ಕೊನೇ ದಿನಕ್ಕೆ ಇಷ್ಟು ಉಳಿಸಿಕೊಳ್ಳಬೇಡಿ. ಉಳಿದರೆ ಹೀಗೆ ಹಾಳಾಗದ ಪ್ಯಾಕೆಟ್ ತಗೊಳ್ಳಿ, ದಾರಿಗಾಗುತ್ತದೆ. ಕಟ್ಟಿಸಿಕೊಂಡ ಐದರಲ್ಲಿ ಎರಡನ್ನು ಗೇನ್ಸ್‌ವಿಲ್ ದಾಟುವ ಹೊತ್ತಿಗೆ ತಿಂದೆವು. ಮೂರು ಸೆಕೆಗೆ ಕೆಟ್ಟು ಕಸದ ಡಬ್ಬಿ ಸೇರಿದವು. ಐಸ್‌ಬಾಕ್ಸಿನಲ್ಲಿ ಜಾಗ ಇತ್ತು, ಇಡುವ ಬುದ್ಧಿ ಬರಲಿಲ್ಲ.

ಅಪ್ಪ ಕಾರಿನಲ್ಲೇ ಒಟ್ಟು ಹಾಕಿದರು. ಪುಟ್ಟಿಯದ್ದೂ ಲೋಟಗಳದ್ದೂ ಸೇರಿಸಿ, ಬಿಡಿಯಾಗಿ ಕೊಂಡಿದ್ದರೆ 655 ಡಾಲರ್ 90 ಸೆಂಟ್. ಕಟ್ಟಿದ್ದು 725.64. ಕಸಕ್ಕೆ ಹೋದ ಊಟವನ್ನೂ ತಿಂದ ಹಾಗೇ ಹಿಡಿದಿದ್ದಾರೆ, ನನ್ನ ಮರ್ಯಾದೆ ಉಳಿಸಲು ಇರಬೇಕು.

“ಅರವತ್ತೊಂಬತ್ತು ಡಾಲರ್ ಎಪ್ಪತ್ನಾಲ್ಕು ಸೆಂಟ್ ಲಾಸು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಆರು ಸಾವಿರ ರೂಪಾಯಿ ಹತ್ತಿರ.” ಗುಣಾಕಾರ ವಾಪಸ್ ಬಂದಿತ್ತು.

“ಇನ್ನೊಂದ್ಸಲ ಬಂದ್ರೆ ಬೇಡ ಅಲ್ವಾ ಅಪ್ಪ?” ಅಂದೆ.

“ನೀವು ಮೂವರೇ ಬಂದ್ರೆ ಬೇಡ. ನಾನು ಬಂದ್ರೆ ತಗೋ” ಅಂದರು.

ಜಾರ್ಜಿಯಾ ಒಳಗೆ ಬಂದ ಮೇಲೆ ಹಿಂದಿನ ಸೀಟಿನಲ್ಲಿ ಅಮ್ಮ, ಪುಟ್ಟಿ ಇಬ್ಬರಿಗೂ ನಿದ್ದೆ. ಟಿಫ್ಟನ್ ಹತ್ತಿರ ಬರುತ್ತಿದ್ದ ಹಾಗೆ ಅಪ್ಪ ಕನ್ನಡಕ ಸರಿಮಾಡಿಕೊಂಡು ಎಕ್ಸಿಟ್ ಬೋರ್ಡುಗಳನ್ನು ಓದತೊಡಗಿದರು. ಅಜ್ಜನ ಹಂಡೆ ಅಲ್ಲೇ ಇತ್ತು, ಹಬೆಯೂ ಇತ್ತು. ಅಪ್ಪ ಇಳಿದು, ತಮ್ಮ ಪರ್ಸಿನಿಂದ ಹತ್ತು ಡಾಲರಿನ ನೋಟು ತೆಗೆದು ಎರಡು ಚೀಲ ತಂದರು. ಒಂದರ ಬಾಯಿ ಬಿಚ್ಚಿ ಗೇರ್ ಪಕ್ಕದ ಲೋಟದ ಗೂಡಿನಲ್ಲಿ ಇಟ್ಟರು. ಡಿಸ್ನಿ ಲೋಟದಲ್ಲಿ ಸಿಪ್ಪೆ ಹಾಕುತ್ತಾ ಬಂದೆವು. ಮೇಕನ್ ಬರುವ ಹೊತ್ತಿಗೆ ಲೋಟ ತುಂಬಿತ್ತು.